ಚಿಜುರುವಿನ ಕಾರಿನ ಆಯಿಲ್

ಹೋದ ಆಗಸ್ಟಿನ ಒಂದು ಮಧ್ಯಾಹ್ನ, ಜಪಾನಿನ ನಮ್ಮ ಗುನ್ಮಾದ ರೇಸ್ ಟ್ರ್ಯಾಕಿನಲ್ಲಿ ನಡೆದದ್ದು ಇದು. ಟರ್ಬೊ ಕೂರಿಸಿ ಬಲ ಹೆಚ್ಚಿಸಿದ್ದ ಕಾರನ್ನು ನನ್ನ ಹೆಂಡತಿ ಚಿಜುರು ಓಡಿಸುವವಳಿದ್ದಳು. ಇನ್ನಷ್ಟು ವೇಗ ಸಿಗಲೆಂದು ನಾನು ಇಂಜಿನ್ನಿಗೆ ತೆಳು ಆಯಿಲ್ ಸುರಿಯಲು ಹೊರಟಿದ್ದೆ.

"ಏನಪ್ಪಾ, ಹೆಂಡ್ತಿ ಮೇಲೆ ಸಿಟ್ಟಾ? ಈ ಬಿಸಿಲಿಗೆ ಅದು ನೀರಾಗಿ ಇಂಜಿನ್ ಜಾಮ್ ಆಗುತ್ತೆ. ಗಟ್ಟಿದು ಹಾಕು," ಎಂದು ಉಣ್ಣೆ ಕೋಟು ತೊಟ್ಟ ಮುದುಕನೊಬ್ಬ ಡಬ್ಬಿ ಚಾಚಿದ. ಆ ಉರಿಯಲ್ಲೂ ಅವನ ಬಾಯಿಂದ ಹಬೆ ಬರುತ್ತಿತ್ತು. ಡಬ್ಬಿ ಕೈ ಕೊರೆಯುವಷ್ಟು ತಣ್ಣಗಿತ್ತು. ಸುರಿದು ತಲೆಯೆತ್ತಿದರೆ ಅವನಿಲ್ಲ.

ರೇಸ್ ಶುರುವಾಯಿತು. ತೆಳು ಆಯಿಲ್ ಹಾಕಿದ್ದ ಗೆಳೆಯ ಹೊಂಜೊನ ಇಂಜಿನ್ ತಿರುವಿನಲ್ಲೇ ಜಾಮ್ ಆಗಿ, ಕಾರು ಗೋಡೆಗೆ ಬಡಿದು ಅವನ ಕಾಲು ಮುರಿಯಿತು. ಚಿಜುರು ಮಾತ್ರ ನಗುತ್ತಾ ಇಳಿದಳು. "ರೀ, ಬೆಣ್ಣೆ ಥರ ಓಡ್ತು!"

ಆ ಅಜ್ಜನನ್ನು ನೆನೆದು ಇಂದಿಗೂ ಕೈಮುಗಿಯುತ್ತೇನೆ. ಆದರೆ ಅಂದು ಸಂಜೆ ಚಿಜುರುವಿನ ಕಾರಿನಿಂದ ಆಯಿಲ್ ಇಳಿಸಿದಾಗ, ಅಷ್ಟು ಓಡಿ ಕಪ್ಪಾಗಿರಬೇಕಾದದ್ದು ಇನ್ನೂ ಬಳಸದ ಹೊಸ ಆಯಿಲಿನ ಹಾಗೆ ಜೇನಿನಂತೆ ಹೊಳೆಯುತ್ತಿತ್ತು.