ಹಿಂದಿನ ಕರಾರುಗಳೆಲ್ಲ ರದ್ದು

“ಬಾಡಿಗೆ ಎಷ್ಟು ಬೇಕಾದ್ರೂ ಏರಿಸಪ್ಪ, ಕೊಡ್ತೀನಿ. ಹೊಸ ಕಾಗದ ಮಾತ್ರ ಬೇಡ,” ಎಂದ ಮಹಡಿ ಮನೆಯ ಬೀಗದಜ್ಜ.

ಹೊಸ ಮಾಲೀಕನಿಗೆ ನಗು ತಡೆಯಲಾಗಲಿಲ್ಲ. ಸೋದರಮಾವ ತೀರಿಕೊಂಡು ಈ ಮನೆ ಅವನ ಪಾಲಿಗೆ ಬಂದು ಎರಡೇ ತಿಂಗಳಾಗಿತ್ತು. ಕೆಳಗೆ ಅವನು, ಹೆಂಡತಿ, ಆರು ವರ್ಷದ ಮಗಳು ಪುಟ್ಟಿ. ಮೇಲೆ ಬೀಗ ರಿಪೇರಿ ಮಾಡುವ ಈ ಮುದುಕ. ಇಪ್ಪತ್ತೆರಡು ವರ್ಷದಿಂದ ಅದೇ ಬಾಡಿಗೆ, ಅದೇ ಹಳದಿಗಟ್ಟಿದ ಕರಾರು ಪತ್ರ. ಮಾವನಿಗೆ ವ್ಯವಹಾರದ ಗಂಧಗಾಳಿಯೇ ಇರಲಿಲ್ಲವೆಂದು ಅಳಿಯನ ತೀರ್ಮಾನ. ಅವನ ವ್ಯವಹಾರಜ್ಞಾನವೇನು ಕಡಿಮೆಯದೇ? ಟೈಪಿಂಗ್ ಅಂಗಡಿಯಲ್ಲಿ ಹನ್ನೊಂದು ತಿಂಗಳ ಹೊಸ ಪತ್ರ ಮಾಡಿಸಿಕೊಂಡೇ ಮಹಡಿ ಹತ್ತಿದ್ದ.

ಅಜ್ಜ ಒಳಗಿನ ಕೋಣೆಯ ಬಾಗಿಲಿನತ್ತ ನೋಡಿದ. ಅದಕ್ಕೆ ಅಂಗೈಯಗಲದ ಬೀಗ.

“ನಿನ್ನ ಮಾವಂಗೆ ಆಗದವರು ಯಾರೋ ಮಾಟ ಮಾಡ್ಸಿದ್ರು, ಈ ಮನೇಲಿರೋ ಮಕ್ಕಳ ಮೇಲೆ. ಬಿಡಿಸೋಕೆ ಮಂತ್ರವಾದಿ ಕೈಲೂ ಆಗ್ಲಿಲ್ಲ. ಕೊನೆಗೆ ಮಾಟದಲ್ಲಿ ಬಂದ ಆ ಪೀಡೆ ಜೊತೆ ನಿನ್ನ ಮಾವಂಗೆ ಒಂದು ಕರಾರು ಬರೆಸಿದ. ಆ ಕೋಣೆ ಅದಕ್ಕೆ, ಮನೆ ಜನ ನಿಮಗೆ. ಬೀಗ ಹಾಕೋಕೆ ಬಂದ ನಾನು ಕಾವಲಿಗೆ ಇಲ್ಲೇ ಉಳ್ಕೊಂಡೆ.”

“ಅಂದ್ರೆ ನನಗಿಬ್ರು ಬಾಡಿಗೆದಾರರು ಅನ್ನಿ! ಅವ್ರಿಗೂ ಒಂದು ನೋಟಿಸ್ ಕಳಿಸೋಣ ಬಿಡಿ ಅಜ್ಜ.”

ಅಜ್ಜ ನಗಲಿಲ್ಲ. ಕನ್ನಡಕವನ್ನು ಮೂಗಿಗೇರಿಸಿ ಪತ್ರವನ್ನು ಓದುತ್ತಾ ಹೋದವನು ಕೊನೆಯ ಸಾಲಿನಲ್ಲಿ ನಿಂತ. ‘ಈ ಮನೆಗೆ ಸಂಬಂಧಿಸಿದ ಹಿಂದಿನ ಎಲ್ಲ ಕರಾರುಗಳೂ ಇಂದಿನಿಂದ ರದ್ದಾಗುತ್ತವೆ.’

“ಇದೊಂದು ಸಾಲು ಹೊಡೆದುಹಾಕಪ್ಪ. ನಿಂಗೆ ಕೈ ಮುಗೀತೀನಿ.”

“ಅದೆಲ್ಲ ಎಲ್ಲ ಪತ್ರದಲ್ಲೂ ಇರತ್ತೆ. ರುಜು ಹಾಕಿ, ಇಲ್ಲಾಂದ್ರೆ ತಿಂಗಳ ಕೊನೆಗೆ ಖಾಲಿ ಮಾಡಿ.”

ಈ ವಯಸ್ಸಿನಲ್ಲಿ ಮುದುಕ ಎಲ್ಲಿಗೆ ಹೋಗಬೇಕು? ರುಜು ಹಾಕಿದ. ಮಾಲೀಕ ಠೀವಿಯಿಂದ ತನ್ನ ರುಜು ಎಳೆದ.

ಕಟಕ್.

ಅಷ್ಟು ದೊಡ್ಡ ಬೀಗ ತಾನಾಗಿಯೇ ಬಾಯಿ ತೆರೆದು ನೆಲಕ್ಕೆ ಬಿತ್ತು. ಬಾಗಿಲು ಒಳಕ್ಕೆ ಸರಿಯಿತು. ಹಸಿ ಸುಣ್ಣದ ವಾಸನೆ, ಅದರ ಬೆನ್ನಿಗೇ ಕೂದಲು ಸುಟ್ಟ ಕಮಟು. ಹೊರಗೆ ಮಟಮಟ ಮಧ್ಯಾಹ್ನ; ಆದರೂ ಆ ಕೋಣೆಯ ಕತ್ತಲಿಗೆ ಒಂದು ಎಳೆ ಬಿಸಿಲೂ ಇಳಿಯಲಿಲ್ಲ.

ಮೆಟ್ಟಿಲ ಮೇಲೆ ಪುಟ್ಟ ಹೆಜ್ಜೆಗಳ ಸದ್ದಾಯಿತು.

“ಪುಟ್ಟಿ, ಕೆಳಗೆ ಹೋಗು!”

ಮಗಳು ಅವನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ರೆಪ್ಪೆ ಮಿಟುಕಿಸದೆ ಅವನ ಪಕ್ಕದಲ್ಲೇ ಹಾದುಹೋದಳು. ಹಿಡಿಯಲು ಕೈ ಚಾಚಹೋದ. ಕೈ ಏಳಲಿಲ್ಲ. ಓಡಲು ನೋಡಿದ. ಕಾಲು ಬರಲಿಲ್ಲ. ಅವಳು ಹೊಸ್ತಿಲು ದಾಟಿದಳು. ಕತ್ತಲು ಅವಳನ್ನು ಮುಚ್ಚಿಕೊಂಡಿತು.

“ಬರಿ! ಮತ್ತೆ ಕರಾರು ಬರಿ! ಬೇಗ!” ಅಜ್ಜ ಕಿರುಚಿದ.

ಪೆನ್ನು ಹಿಡಿದ ಕೈ ಮಾತ್ರ ಆಡಿತು. ಪತ್ರದ ಹಿಂಬದಿಯಲ್ಲಿ ಗೀಚಿದ: ‘ಈ ಕೋಣೆ ನಿನಗೆ, ಮನೆ ಜನ ನಮಗೆ.’ ಅಜ್ಜ ಅದನ್ನು ಹೊಸ್ತಿಲ ಆಚೆಗೆ ತಳ್ಳಿದ. ಕಾಗದ ಹಿಂದಕ್ಕೆ ಜಾರಿ ಬಂತು. ಬರೆದದ್ದರ ಮೇಲೆ ಮಸಿಯ ಗೆರೆ.

“ಹಳೇ ರೇಟಿಗೆ ಆಗಲ್ಲ,” ಎಂದಿತು ಒಳಗಿನಿಂದ ಒಂದು ದನಿ. ಸಿಟ್ಟಿಲ್ಲ, ಅವಸರವಿಲ್ಲ.

ಇಡೀ ಮಹಡಿ ಎಂದು ಬರೆದ. ಗೆರೆ. ಇಡೀ ಮನೆ. ಗೆರೆ. ನನ್ನನ್ನೇ ತಗೋ. ಅದಕ್ಕೂ ಗೆರೆ. ಅಂಗಲಾಚಿದ, ಅತ್ತ. ಒಳಗೆ ಪುಟ್ಟಿಯ ಉಸಿರು ಕೇಳುತ್ತಿತ್ತು, ಒಂದೊಂದು ಗೆರೆಗೂ ಕ್ಷೀಣವಾಗುತ್ತಿತ್ತು.

ಕೊನೆಗೆ ಕಾಗದದ ಮೇಲೆ ಅದರದೇ ಅಕ್ಷರ ಮೂಡಿ ಬಂತು: ‘ಮಗಳು ಮನೆಗೆ. ಅವಳ ಅಪ್ಪನ ಜಾಗ ನನಗೆ. ಹನ್ನೊಂದು ತಿಂಗಳು.’

“ತಡಿಯೋ! ಅವಧಿ ಮುಗಿದ್ಮೇಲೆ ಮತ್ತೆ ಏರಿಸತ್ತೆ ಅದು!” ಎಂದ ಅಜ್ಜ.

ತಡೆಯುವುದೆಲ್ಲಿ? ಒಳಗೆ ಉಸಿರೇ ಕೇಳುತ್ತಿರಲಿಲ್ಲ. ರುಜು ಹಾಕಿದ.

ಪುಟ್ಟಿ ಹೊರಬಂದಳು. ಮೈ ಬೆಚ್ಚಗಿತ್ತು, ಕೆನ್ನೆ ಕೆಂಪಗಿತ್ತು. ಅವನು ಬಿಕ್ಕುತ್ತಾ ಬಾಚಿ ತಬ್ಬಿಕೊಂಡ. ಮಗು ಕೊಸರಾಡಿತು, ಮುಷ್ಟಿ ಕಟ್ಟಿ ಅವನೆದೆಗೆ ಗುದ್ದಿತು.

“ಬಿಡು! ಅಜ್ಜಾ, ಯಾರೋ ಮಾಮ ನನ್ನ ಹಿಡ್ಕೊಂಡಿದಾನೆ!”

“ಪುಟ್ಟಿ, ನಾನು ಕಣೇ... ಅಪ್ಪ...”

ಅವಳು ಕಿತ್ತುಕೊಂಡು ಆ ಬಾಗಿಲಿಗೆ ಓಡಿ, ಚೌಕಟ್ಟನ್ನು ಎರಡೂ ಕೈಯಲ್ಲಿ ತಬ್ಬಿ ನಿಂತಳು.

“ಅಪ್ಪಾ!”

“ಬಂದೆ ಕಂದಾ,” ಎಂದಿತು ಕತ್ತಲು, ಅವನದೇ ದನಿಯಲ್ಲಿ.