ಗುಂಡಿಮಗ್ಗದ ಬೂದ್ಯ

ಬಹಳ ಹಿಂದೆ, ಏಳು ಬೆಟ್ಟ ದಾಟಿದರೆ ಸಿಗುತ್ತಿದ್ದ ನೂಲಾವತಿ ಎಂಬ ರಾಜ್ಯದಲ್ಲಿ ಅರಮನೆಯ ನೇಯ್ಗೆಶಾಲೆಯೊಂದಿತ್ತು. ಅಲ್ಲಿ ನೂರು ಗುಂಡಿಮಗ್ಗ, ನೂರು ಹೆಂಗಸರು. ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಬೆಳಗಿನಿಂದ ಸಂಜೆಯವರೆಗೆ ನೇಯುತ್ತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ.

ಮೇಲ್ವಿಚಾರಕ ಮಸಿಕಂಠ ಮಾಂತ್ರಿಕನಾಗಿದ್ದ. ನೇಯಲು ಬಂದ ಒಬ್ಬೊಬ್ಬರ ಹೆಸರನ್ನೂ ಕಿತ್ತು ಗಡಿಗೆಗೆ ಹಾಕುತ್ತಿದ್ದ. ಹೆಸರು ಮರೆತವರು ಮನೆಯನ್ನೂ ಮರೆತು ನೇಯುತ್ತಲೇ ಇರುತ್ತಿದ್ದರು. ಶಾಲೆಯೊಳಗೆ ಯಾರಾದರೂ ತನ್ನ ಹೆಸರನ್ನು ತಾನೇ ನುಡಿದರೆ ಮಾತ್ರ ಗಡಿಗೆ ಒಡೆಯುವಂತಿತ್ತು.

ದೂರದ ಬಯಲುಸೀಮೆಯಿಂದ ಸಾತವ್ವ ಅಲ್ಲಿಗೆ ನೇಯಲು ಬಂದಳು. ಜೊತೆಗಿದ್ದದ್ದು ಬೂದಿಬಣ್ಣದ ನಾಯಿ ಬೂದ್ಯ ಒಂದೇ. ಅವಳು ಮಗ್ಗಕ್ಕೆ ಕೂತರೆ ಅದು ಗುಂಡಿಗಿಳಿದು ಅವಳ ಪಾದದ ಮೇಲೆ ತಲೆಯಿಟ್ಟು ಮಲಗುತ್ತಿತ್ತು. ಆ ಬೆಚ್ಚಗಿನ ಭಾರ ಇದ್ದಷ್ಟು ಕಾಲ ಅವಳ ಹೆಸರು ಕಿತ್ತರೂ ಬರಲಿಲ್ಲ. ಆದರೆ ಅವಳ ಹೆಸರು ಕೇಳುವವರು ಅಲ್ಲಿ ಯಾರಿದ್ದರು?

"ನಾಯಿ ಹೊರಗಿರಲಿ. ಇದು ಕೆಲಸದ ಜಾಗ, ಕೊಟ್ಟಿಗೆಯಲ್ಲ," ಎಂದ ಮಸಿಕಂಠ.

"ಅದು ಕೆಲಸಕ್ಕ ಏನ್ ಅಡ್ಡಿ ಮಾಡೇತ್ರಿ?" ಎಂದಳು ಸಾತವ್ವ.

ದೂರು ರಾಜನಿಗೆ ಮುಟ್ಟಿತು. "ಮೂರು ಪರೀಕ್ಷೆ ಗೆದ್ದರೆ ಒಳಗೆ. ಸೋತರೆ ನಾಯಿ ಗಡಿಯಾಚೆಗೆ," ಎಂದ ರಾಜ.

ಮೊದಲ ದಿನ ಬೊಗಳಬಾರದಿತ್ತು. ಮಸಿಕಂಠನ ಮಾಯಾಬೆಕ್ಕು ಬಂದು ಬೂದ್ಯನ ಬಾಲದ ಮೇಲೆಯೇ ಕೂತಿತು. ಬೂದ್ಯ ಕಣ್ಣು ಮುಚ್ಚಿಕೊಂಡಿತು, ಬೊಗಳಲಿಲ್ಲ.

ಎರಡನೆಯ ದಿನ ಅಂಗಳದ ತುಂಬ ಹರಡಿದ ನೂಲಿನ ಒಂದು ಎಳೆಯೂ ಹರಿಯಬಾರದಿತ್ತು. ಎಳೆಗಳು ಹಾವಾಗಿ ಹೆಡೆಯೆತ್ತಿದವು. ಬೂದ್ಯ ಹೊಟ್ಟೆ ನೆಲಕ್ಕೊತ್ತಿ ತೆವಳಿ ದಾಟಿತು, ಹರಿಯಲಿಲ್ಲ.

ಮೂರನೆಯ ದಿನ ಮಸಿಕಂಠ ಉಳಿದ ಹೆಂಗಸರಿಗೆಲ್ಲ ಸಾತವ್ವನ ಮುಖವನ್ನೇ ಕೊಟ್ಟ. ಎಲ್ಲರ ಕೈಗೂ ಒಂದೇ ಅತ್ತರು ಬಳಿದ. "ಒಡತಿಯನ್ನು ಹುಡುಕಲಿ. ಅವಳು ಕರೆಯಬಾರದು," ಎಂದ.

ಸಾತವ್ವ ತಲೆಯೆತ್ತಿದಳು. ಎಲ್ಲಿ ನೋಡಿದರೂ ತನ್ನದೇ ಮುಖ, ಒಂದಕ್ಕೂ ಅವಳ ಗುರುತಿಲ್ಲ. ಬೂದ್ಯ ಮಗ್ಗದಿಂದ ಮಗ್ಗಕ್ಕೆ ಮೂಸುತ್ತ ಹೋಯಿತು. ಅದರ ಕಿವಿ ಜೋತುಬಿದ್ದವು.

ಮಸಿಕಂಠ ದಿನವೂ ನೋಡುತ್ತಿದ್ದದ್ದು ಬಟ್ಟೆಯನ್ನು, ಕೈಯನ್ನು. ಗುಂಡಿಯೊಳಗೆ ಅವನು ಒಮ್ಮೆಯೂ ಬಗ್ಗಿದವನಲ್ಲ. ಪಾದಗಳನ್ನು ಬದಲಿಸಲು ಮರೆತಿದ್ದ.

ಬೂದ್ಯ ಒಂದು ಗುಂಡಿಗಿಳಿಯಿತು, ಮೇಲೆ ಬಂತು. ಇನ್ನೊಂದಕ್ಕಿಳಿಯಿತು, ಮೇಲೆ ಬಂತು. ಅರವತ್ತಮೂರನೆಯ ಗುಂಡಿಗಿಳಿದದ್ದು ಮೇಲೆ ಬರಲೇ ಇಲ್ಲ. ಸಾತವ್ವನ ಪಾದ ಬೆಚ್ಚಗಾಯಿತು.

ಪರೀಕ್ಷೆ ನೋಡಲು ಬಂದಿದ್ದ ರಾಜ ಗುಂಡಿಯೊಳಗೆ ಬಗ್ಗಿ ನೋಡಿ ನಕ್ಕ. "ನಿನ್ನ ಹೆಸರೇನಮ್ಮ?"

ಅಲ್ಲಿಗೆ ಬಂದ ಮೇಲೆ ಅವಳನ್ನು ಯಾರಾದರೂ ಹೀಗೆ ಕೇಳಿದ್ದು ಅದೇ ಮೊದಲು.

"ಸಾತವ್ವ ಅಂತಾರ್ರಿ."

ಗಡಿಗೆ ಒಡೆಯಿತು. ಹೆಸರುಗಳು ಗುಬ್ಬಿಗಳಂತೆ ಹಾರಿ ಅವರವರ ತುಟಿಯ ಮೇಲೆ ಕೂತವು, ಮುಖಗಳು ಮರಳಿದವು. ಮಸಿಕಂಠ ತನ್ನ ಹೆಸರನ್ನೇ ಮರೆತು ಹೆಬ್ಬಾಗಿಲು ದಾಟಿ ಹೋದವನು ಹಿಂತಿರುಗಲಿಲ್ಲ.

ಅಂದಿನಿಂದ ಶಾಲೆಯೊಳಗೆ ನಾಯಿಗೆ ತಡೆಯಿರಲಿಲ್ಲ. "ನನಗೆ ನಾಯಿ ಕಂಡರೆ ಜೀವ ಹೋಗುತ್ತೆ ಕಣೇ," ಎಂದ ಮುದುಕಿ ಪುಟ್ಟತಾಯಿಯ ಮಗ್ಗವನ್ನು ಮೂಲೆಗೆ ಸರಿಸಿಕೊಟ್ಟರು. ಬೂದ್ಯ ಆ ಕಡೆ ಸುಳಿಯುತ್ತಿರಲಿಲ್ಲ.

ಪಕ್ಕದ ಮಗ್ಗದವಳು, "ಸಾತಮ್ಮಾ, ಊಟಕ್ಕೆ ಬಾ," ಎಂದು ಕರೆದಳು. ಊರಿನಲ್ಲಿ ಅವ್ವ ಕರೆಯುತ್ತಿದ್ದದ್ದು ಹಾಗಲ್ಲ. ಸಾತವ್ವ ತಿದ್ದಲಿಲ್ಲ. "ಬಂದೆ," ಎಂದಳು. ಗುಂಡಿಯೊಳಗೆ ಒಂದು ಬಾಲ ಪಟಪಟನೆ ಬಡಿಯಿತು.

ನೂರು ಮಗ್ಗದವರೂ ಮಾತಾಡುತ್ತ ನೇಯ್ದು, ಹೊತ್ತಿಗೆ ಸರಿಯಾಗಿ ಮನೆಗೆ ಹೋಗಿ ಸುಖವಾಗಿದ್ದರು.