ಶ್ರದ್ಧಾಂಜಲಿ ಸೆಟ್

“ಕಂಪ್ಯೂಟರ್ ಮುಟ್ಟೋಳು ನೀನೊಬ್ಬಳೇ. ಅಳಿಸಿದ್ದು ನೀನಲ್ದೆ ಇನ್ಯಾರು?”

“ಬಾಯಿಗೆ ಬಂದಂಗೆ ಮಾತಾಡ್ಬೇಡಿ ವಾಸಣ್ಣ! ಕೆಲ್ಸ ಬೇಕಾದ್ರೆ ಬಿಡ್ತೀನಿ, ಕಳ್ಳಿ ಅನ್ನಿಸ್ಕೊಂಡು ಮಾತ್ರ ಹೋಗಲ್ಲ!”

ಸೋಮವಾರ ಬೆಳಗ್ಗೆ, ಯಲಹಂಕದ ಠಾಣೆ. ಇನ್‌ಸ್ಪೆಕ್ಟರ್ ಜ್ಯೋತಿಲಕ್ಷ್ಮಿಯವರ ಮೇಜಿನ ಮುಂದೆಯೇ ಕೂಗಾಟ. ವಾಸುವಿನದು ಹುಣಸಮಾರನಹಳ್ಳಿಯಲ್ಲಿ ಫ್ಲೆಕ್ಸ್ ಅಂಗಡಿ. ಸರಳಾ ಅಲ್ಲಿಯ ಡಿಸೈನರ್. ಹುಡುಕುವ ತಾಪತ್ರಯ ಬೇಡವೆಂದು ಅವಳು ಅಕ್ಷರಗಳ ಫಾಂಟುಗಳನ್ನು ಮದುವೆ, ಚುನಾವಣೆ, ಶ್ರದ್ಧಾಂಜಲಿ ಎಂದು ಸೆಟ್ ಮಾಡಿಟ್ಟಿದ್ದಳು. ಶ್ರದ್ಧಾಂಜಲಿ ಸೆಟ್ ಮಾತ್ರ ಮಾಯವಾಗಿತ್ತು.

ಎಫ್‌ಐಆರ್ ದಾಖಲಿಸಿ ಜ್ಯೋತಿಲಕ್ಷ್ಮಿ ಅಂಗಡಿಗೆ ಬಂದರು. ಕಾನ್‌ಸ್ಟೆಬಲ್ ಬಾಲರಾಜು ಪಂಚನಾಮೆ ಬರೆಯಲು ಕೂತ. ಮೂಲೆಯಲ್ಲಿ ಮುದುಕ ಬ್ಯಾಟರಾಯಪ್ಪ ಬ್ಯಾನರಿನ ಅಂಚಿಗೆ ಹಗ್ಗ ಕಟ್ಟುವ ರಿಂಗುಗಳನ್ನು ಸುತ್ತಿಗೆಯಿಂದ ಬಡಿಯುತ್ತಿದ್ದ. ಒಂದು ಕಾಲಕ್ಕೆ ಆ ರಸ್ತೆಯ ಬೋರ್ಡುಗಳನ್ನೆಲ್ಲ ಬ್ರಶ್ಶಿನಲ್ಲಿ ಬರೆದವನು ಅವನೇ.

“ಸೆಟ್ ಹೋದ್ರೆ ಅದ್ರಲ್ಲಿದ್ದ ಫಾಂಟೂ ಹೋಗುತ್ತೇನಮ್ಮ?” ಜ್ಯೋತಿಲಕ್ಷ್ಮಿ ಸರಳಾಳನ್ನು ಕೇಳಿದರು.

“ಇಲ್ಲ ಮೇಡಂ. ಗಂಟು ಬಿಚ್ಚಿದಂಗೆ ಅಷ್ಟೆ. ಅಕ್ಷರ ಕಂಪ್ಯೂಟರಲ್ಲೇ ಇರುತ್ತೆ.”

“ಮೊದ್ಲೇ ಹೇಳೋದಲ್ವೇನಮ್ಮ!” ಎಂದ ವಾಸು.

“ಹೇಳಕ್ಕೆಲ್ಲಿ ಬಿಟ್ರಿ ನೀವು?”

ಜ್ಯೋತಿಲಕ್ಷ್ಮಿಗೆ ಅಷ್ಟು ಸಾಕಾಯಿತು. ಅಕ್ಷರವೇ ಹೋಗಲೆಂದು ಸೆಟ್ ಅಳಿಸಿದವರಿಗೆ ಈ ವಿಷಯ ಗೊತ್ತಿರಲಿಲ್ಲ. ಅಂದಮೇಲೆ ಸರಳಾ ಅಲ್ಲ.

“ಆ ಸೆಟ್ಟಲ್ಲಿ ಏನಿತ್ತು?”

“ಈ ಬ್ಯಾಟರಾಯಪ್ಪ ತಾತನ ಕೈಬರಹಾನೇ ಮುಖ್ಯ. ನಾನೇ ಸ್ಕ್ಯಾನ್ ಮಾಡಿ ಫಾಂಟ್ ಮಾಡಿದ್ದೆ. ಗಂಭೀರವಾಗಿದೆ ಅಂತ ಸತ್ತೋರ ಬ್ಯಾನರಿಗೆಲ್ಲ ಅದೇ.”

ಸುತ್ತಿಗೆಯ ಸದ್ದು ನಿಂತಿತು.

“ನೀವಾ, ತಾತ?” ಜ್ಯೋತಿಲಕ್ಷ್ಮಿ ಮೂಲೆಯತ್ತ ತಿರುಗಿದರು.

“ನಾನೇ ಕಣವ್ವ. ಇವ್ಳು ಮಾಡೋದ ದಿನಾ ನೋಡಿದ್ನಲ್ಲ, ಊಟಕ್ಕೋಗಿದ್ದಾಗ ಅಳ್ಸಿಬುಟ್ಟೆ. ದೂರು ಈ ಮಗೀನ ಮ್ಯಾಲೆ ಬತ್ತದೆ ಅಂದ್ಕೊಂಡಿರ್ನಿಲ್ಲ.”

“ಯಾಕೆ ಮಾಡಿದ್ರಿ?”

“ಮೊಮ್ಮಗಳು ಮೋನಿಷಾ ಮದ್ವೆ ಕಾರ್ಡಿಗೆ ನನ್ನಕ್ಸರ ಆಕ್ಸಿ ಅಂದೆ. ಬೀಗ್ರು ‘ಅಯ್ಯೋ, ಅದು ತಿಥಿ ಅಕ್ಸರ, ಬ್ಯಾಡ’ ಅಂದ್ಬುಟ್ರು. ನಾನಿನ್ನೂ ಉಸಿರಾಡ್ತಾ ಇವ್ನಿ ಕಣವ್ವ.”

ವಾಸು ಜ್ಯೋತಿಲಕ್ಷ್ಮಿಯವರ ಕಡೆ ತಿರುಗಿದ. “ಕಂಪ್ಲೇಂಟ್ ವಾಪಸ್ ತಗೋತೀನಿ ಮೇಡಂ.”

“ನೀವು ಬೇಕಂದಾಗ ಹಾಕಿ ಬೇಡಂದಾಗ ಕೀಳಕ್ಕೆ ಎಫ್‌ಐಆರ್ ಅಂದ್ರೆ ಬ್ಯಾನರ್ ಏನ್ರೀ?”

ಬ್ಯಾಟರಾಯಪ್ಪನ ದಸ್ತಗಿರಿಯಾಯಿತು. ಜ್ಯೋತಿಲಕ್ಷ್ಮಿ ಅವನಿಗೆ ಠಾಣೆಯಲ್ಲಿ ಟೀ ತರಿಸಿ ಕುಡಿಸಿ, ಅಲ್ಲಿಯೇ ಜಾಮೀನು ಕೊಟ್ಟರು. ಜಾಮೀನಿಗೆ ನಿಂತವಳು ಸರಳಾ.

“ತಾತ, ಮದ್ವೆ ಸೆಟ್ಟಿಗೆ ಸೇರಿಸ್ತೀನಿ. ನಿಮ್ಮಕ್ಷರ ಎಲ್ಲೂ ಹೋಗಿಲ್ಲ.”

ಮುದುಕ ಅವಳ ತಲೆ ಸವರಿದ. “ನೀನು ಸೇರಿಸ್ತೀಯ ಕಣವ್ವ. ರಸ್ತೆಲಿ ನೋಡೋ ಜನದ ಕಣ್ಣಿಂದ ತಿಥೀನ ಎಂಗೆ ಅಳ್ಸೀಯ?”

ಚಪ್ಪಲಿ ಮೆಟ್ಟಿಕೊಂಡು ಠಾಣೆಯ ಮೆಟ್ಟಿಲಿಳಿದ. ಜೊತೆಗೆ ಬಂದಿದ್ದ ವಾಸು ಕೂಗಿ ಕರೆದ, ಮುದುಕ ತಿರುಗಿ ನೋಡಲಿಲ್ಲ. ಆಮೇಲೆ ಅಂಗಡಿಯ ಕಡೆಗೂ ಬರಲಿಲ್ಲ.